21 ಗ್ರಾಂ ಆತ್ಮ, ಎಡೆ ಮುಟ್ಟದ ಕಾಗೆ: ತೋಟ ಮಾರಬಹುದೇ?

ತೆಂಗಿನಗರಿ (ಪ್ರಶ್ನೆ)

ಅಪ್ಪ ತೀರಿಕೊಂಡು ಎರಡು ತಿಂಗಳಾಗುತ್ತಾ ಬಂತು. ನಮ್ಮದು ತಿಪಟೂರಿನ ಹತ್ತಿರದ ಹಳ್ಳಿ. ಅಣ್ಣ, ಅಮ್ಮ ಊರಿನಲ್ಲಿದ್ದಾರೆ, ನಾನು ಮದುವೆಯಾಗಿ ಬೆಂಗಳೂರಿಗೆ ಬಂದವಳು.

ಹನ್ನೊಂದನೆಯ ದಿನ ತಿಥಿ ಮಾಡಿ ಹಿತ್ತಿಲಿನಲ್ಲಿ ಎಡೆ ಇಟ್ಟೆವು. ಅಪ್ಪನಿಗೆ ಪ್ರಿಯವಾದದ್ದೆಲ್ಲ ಎಲೆಯ ಮೇಲಿತ್ತು. ಮುದ್ದೆ, ಹುರುಳಿ ಸಾರು, ವಡೆ, ಪಕ್ಕದಲ್ಲಿ ಒಂದು ಕಟ್ಟು ಬೀಡಿ. ಕಾಗೆಗಳು ಬಂದು ಮಾವಿನ ಮರದಲ್ಲಿ ಕುಳಿತವು, ಕೆಳಗೆ ಮಾತ್ರ ಇಳಿಯಲಿಲ್ಲ. ಬಿಸಿಲೇರಿತು. ದೊಡ್ಡಪ್ಪ, "ಏನೋ ಆಸೆ ಉಳಿದುಕೊಂಡಿದೆ, ಕೇಳಿಕೊಳ್ಳಿ" ಎಂದರು. ಅಮ್ಮನನ್ನು ಕಣ್ಣಿನಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತೇವೆ ಎಂದೆವು. ಕಾಗೆ ಕದಲಲಿಲ್ಲ. ಕೊನೆಗೆ ದೊಡ್ಡಪ್ಪ ಎಲ್ಲರನ್ನೂ ಜಗಲಿಯವರೆಗೆ ಹಿಂದೆ ಸರಿಸಿದರು. ಅಣ್ಣ ಕೈಮುಗಿದು, "ಕೆರೆ ಕೆಳಗಿನ ತೋಟ ಮಾರುವುದಿಲ್ಲ ಅಪ್ಪ" ಎಂದ. ಸ್ವಲ್ಪ ಹೊತ್ತಿಗೆ ಒಂದು ಕಾಗೆ ಇಳಿದು ವಡೆ ಕಚ್ಚಿಕೊಂಡು ಹಾರಿತು. ಅಮ್ಮ ಅಲ್ಲೇ ಕುಸಿದು ಅತ್ತಳು.

ಈಗ ಸಂಕಟವೇನೆಂದರೆ ತೋಟ ಮಾರದೆ ಬೇರೆ ದಾರಿ ಇಲ್ಲ. ಎರಡು ಕೊಳವೆಬಾವಿ ಬತ್ತಿವೆ, ಮರಗಳಿಗೆ ಕಾಂಡಸೋರಿಕೆ ರೋಗ ಹತ್ತಿದೆ, ಸಾಲ ಬೆಳೆಯುತ್ತಿದೆ. ಕೊಳ್ಳುವವರು ಸಿದ್ಧರಿದ್ದಾರೆ. ಅಮ್ಮ ಮಾತ್ರ, "ಸತ್ತವರಿಗೆ ಕೊಟ್ಟ ಮಾತು, ಮೀರಿದರೆ ಅವರ ಆತ್ಮ ಅಲೆಯುತ್ತದೆ" ಎಂದು ಹಠ ಹಿಡಿದಿದ್ದಾಳೆ. ಅದರ ಮೇಲೆ ಭಾವ ಒಂದು ವಾಟ್ಸ್‌ಆ್ಯಪ್ ಸಂದೇಶ ಕಳಿಸಿದ್ದಾರೆ. ಅಮೆರಿಕದ ವಿಜ್ಞಾನಿ ಸಾಯುವವರನ್ನು ತೂಗಿ ಆತ್ಮ 21 ಗ್ರಾಂ ಇದೆ ಎಂದು ಸಾಬೀತು ಮಾಡಿದ್ದಾನಂತೆ.

ನಾನು ನಾಸ್ತಿಕಳೂ ಅಲ್ಲ, ಅಷ್ಟು ಆಚಾರದವಳೂ ಅಲ್ಲ. ಆತ್ಮ ಎಂಬುದು ಇದೆಯೇ, ಸತ್ತ ಮೇಲೆ ಉಳಿಯುತ್ತದೆಯೇ, ಅದನ್ನು ನಿಜವಾಗಿ ತೂಗಿದ್ದಾರೆಯೇ? ತಿಳಿದವರು ಹೇಳಿ. ಅಮ್ಮನನ್ನು ಗೇಲಿ ಮಾಡುವ ಉತ್ತರ ಮಾತ್ರ ಬೇಡ.

ಕೃಷ್ಣಾತೀರ

ನಾವು ವಿಜಯಪುರದ ಕಡೆಯ ಲಿಂಗಾಯತರು. ನಮ್ಮಲ್ಲಿ ಕಾಗೆಗೆ ಈ ಕೆಲಸವೇ ಇಲ್ಲ. ಸತ್ತವರನ್ನು ಕೂರಿಸಿ, ಅಂಗೈಯಲ್ಲಿ ಇಷ್ಟಲಿಂಗ ಇಟ್ಟು, ವಿಭೂತಿ, ಬಿಲ್ವಪತ್ರೆ ತುಂಬಿ ಸಮಾಧಿ ಮಾಡುತ್ತೇವೆ. ಪಿಂಡವಿಲ್ಲ, ಅಲೆಯುವ ಪ್ರೇತದ ಮಾತಿಲ್ಲ. ಹೋದವರು ಲಿಂಗೈಕ್ಯರಾದರು ಎನ್ನುತ್ತೇವೆ, ಅಲ್ಲಿಗೆ ಮುಗಿಯಿತು. ನಮ್ಮಜ್ಜ ಹೋದಾಗ ಆಸ್ತಿಯ ಜಗಳ ಆಗಲಿಲ್ಲವೇ ಎಂದರೆ, ಧಾರಾಳವಾಗಿ ಆಯಿತು. ಅದಕ್ಕೆ ಕಾಗೆಯ ಸಾಕ್ಷಿ ಬೇಕಾಗಲಿಲ್ಲ, ಅಷ್ಟೇ. ನಿಮ್ಮ ತಾಯಿಯ ನಂಬಿಕೆ ತಪ್ಪು ಎನ್ನುತ್ತಿಲ್ಲ. ಒಂದೇ ರಾಜ್ಯದಲ್ಲಿ ನೂರಾರು ಮೈಲಿ ಆಚೆ ಹೋದರೆ ಆತ್ಮದ ದಿನಚರಿಯೇ ಬದಲಾಗುತ್ತದೆ ಎಂದು ಹೇಳುತ್ತಿದ್ದೇನೆ.

ನಿವೃತ್ತ ತಕ್ಕಡಿ

ತಾಯಿ, ನಾನು ಕಾನೂನು ಮಾಪನಶಾಸ್ತ್ರ ಇಲಾಖೆಯಲ್ಲಿ ನಿರೀಕ್ಷಕನಾಗಿದ್ದು ನಿವೃತ್ತನಾದವನು. ಜನ ಅದನ್ನು ತೂಕ ಮತ್ತು ಅಳತೆ ಇಲಾಖೆ ಎಂದೇ ಕರೆಯುತ್ತಾರೆ, ನನಗೂ ಆ ಹೆಸರೇ ಹಿತ. ನಿಮ್ಮ ಕಡೆಯ ಕೊಬ್ಬರಿ ಮಂಡಿಗಳಲ್ಲಿ ತಕ್ಕಡಿಗಳಿಗೆ ಮುದ್ರೆ ಹಾಕುತ್ತಲೇ ನನ್ನ ತಲೆ ನೆರೆಯಿತು. ಆತ್ಮದ ಗುಣಲಕ್ಷಣ ಹೇಳುವ ಯೋಗ್ಯತೆ ನನಗಿಲ್ಲ. ತೂಕ ಎಂದ ಕೂಡಲೇ ಮಾತ್ರ ಸುಮ್ಮನಿರಲಾಗುವುದಿಲ್ಲ.

ಆ ವೈದ್ಯನ ಹೆಸರು ಡಂಕನ್ ಮ್ಯಾಕ್‌ಡೂಗಲ್. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಹೇವರ್‌ಹಿಲ್ ಎಂಬ ಊರಿನವನು. ಪ್ಲಾಟ್‌ಫಾರಂ ತಕ್ಕಡಿಯ ಮೇಲೆ ಮಂಚ ಕೂರಿಸಿ, ಸಾಯುವ ಸ್ಥಿತಿಯಲ್ಲಿದ್ದ 6 ರೋಗಿಗಳನ್ನು ಮಂಚ ಸಮೇತ ತೂಗಿದ. ಹೆಚ್ಚಿನವರು ಕ್ಷಯರೋಗಿಗಳು. ಕ್ಷಯದವರು ನಿತ್ರಾಣರಾಗಿ ಅಲುಗಾಡದೆ ಸಾಯುತ್ತಾರೆ, ತಕ್ಕಡಿ ಕದಡುವುದಿಲ್ಲ ಎಂಬುದು ಅವನ ಲೆಕ್ಕ. 1907ರಲ್ಲಿ ವರದಿ ಅಚ್ಚಾಯಿತು. ಆರರಲ್ಲಿ ಎರಡನ್ನು ಅವನೇ ಕೈಬಿಟ್ಟ. ಒಂದರಲ್ಲಿ ತಕ್ಕಡಿ ಸರಿಯಾಗಿ ಹೊಂದಿರಲಿಲ್ಲ, ಇನ್ನೊಂದರಲ್ಲಿ ಹೊಂದಿಸುವಷ್ಟರಲ್ಲೇ ರೋಗಿ ಸತ್ತ. ಉಳಿದ ನಾಲ್ವರಲ್ಲಿ ನಾಲ್ಕು ಬಗೆ. ಮುಕ್ಕಾಲು ಔನ್ಸ್, ಅಂದರೆ 21 ಗ್ರಾಂ ಇಳಿದದ್ದು ಮೊದಲನೆಯವನಲ್ಲಿ. ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಿರುವುದು ಆ ಒಬ್ಬನ ಲೆಕ್ಕ. 15 ನಾಯಿಗಳನ್ನೂ ತೂಗಿ, ಅವುಗಳ ತೂಕ ಇಳಿಯಲಿಲ್ಲ, ಆದ್ದರಿಂದ ಅವಕ್ಕೆ ಆತ್ಮವಿಲ್ಲ ಎಂದುಬಿಟ್ಟ. ಧರ್ಮರಾಯನ ಹಿಂದೆ ಸ್ವರ್ಗದ ಬಾಗಿಲವರೆಗೆ ನಾಯಿ ಹೋದ ಕತೆ ಕೇಳಿ ಬೆಳೆದ ನನಗೆ ಇದೊಂದಕ್ಕೇ ಅವನ ಮೇಲೆ ಸಿಟ್ಟು.

ನನ್ನ ತಕರಾರು ತಕ್ಕಡಿಯದು. ಅವನ ಯಂತ್ರದ ಸೂಕ್ಷ್ಮತೆ ಔನ್ಸಿನ ಹತ್ತರಲ್ಲಿ ಎರಡು ಭಾಗ, ಸುಮಾರು 6 ಗ್ರಾಂ. ಅದು ಕೆಟ್ಟ ತಕ್ಕಡಿಯೇನಲ್ಲ. ಆದರೆ ಪ್ಲಾಟ್‌ಫಾರಂ ತಕ್ಕಡಿಗೆ ಮುದ್ರೆ ಹಾಕುವ ಮುನ್ನ ನಾವು ಒಂದು ಪರೀಕ್ಷೆ ಮಾಡುತ್ತೇವೆ. ಅದೇ ತೂಕದ ಬಟ್ಟನ್ನು ಮೊದಲು ಮಧ್ಯದಲ್ಲಿ, ಆಮೇಲೆ ನಾಲ್ಕೂ ಮೂಲೆಗಳಲ್ಲಿ ಇಟ್ಟು ಓದುತ್ತೇವೆ. ಕೆಳಗಿನ ಸನ್ನೆಗಳಲ್ಲಿ ಒಂದು ಸವೆದಿದ್ದರೂ ಮಧ್ಯದಲ್ಲಿ ಸರಿ ತೋರಿಸಿ ಮೂಲೆಯಲ್ಲಿ ತಪ್ಪು ತೋರಿಸುತ್ತದೆ. ಬೆರಳಿನಿಂದ ಒತ್ತಿದಂತೆ ಮುಳ್ಳು ಕದಲುವುದನ್ನು ಎಷ್ಟೋ ಮಂಡಿಗಳಲ್ಲಿ ನೋಡಿದ್ದೇನೆ. ಮಂಚದ ಮೇಲಿನ ಮನುಷ್ಯ ಸಾಯುವಾಗ ತಲೆ ವಾಲುತ್ತದೆ, ಕೈ ಜಾರುತ್ತದೆ, ಭಾರ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತದೆ. ಮಂಚ, ಹಾಸಿಗೆ, ದೇಹ ಎಲ್ಲ ಸೇರಿದ ಭಾರದಲ್ಲಿ 21 ಗ್ರಾಂ ಎಂದರೆ ಐದು ಟೀ ಚಮಚ ಸಕ್ಕರೆಯ ಆಸುಪಾಸು. ಮೂಲೆ ಪರೀಕ್ಷೆಯ ದಾಖಲೆ ಇಲ್ಲದೆ ಅಷ್ಟನ್ನು ನಾನು ನಂಬುವುದಿಲ್ಲ.

ಬೆವರಿನ ಲೆಕ್ಕವೂ ಇದೆ. ಮೊದಲ ರೋಗಿ ಸಾಯುವ ಮೊದಲೇ ಉಸಿರು, ಬೆವರಿನ ಮೂಲಕ ಗಂಟೆಗೆ ಒಂದು ಔನ್ಸ್ ಕಳೆದುಕೊಳ್ಳುತ್ತಿದ್ದ ಎಂದು ಮ್ಯಾಕ್‌ಡೂಗಲನೇ ಬರೆದಿದ್ದಾನೆ. ನಿಮ್ಮ ಅಟ್ಟದ ಮೇಲಿನ ಕೊಬ್ಬರಿ ಹೇಗೆ ದಿನದಿನಕ್ಕೆ ಹಗುರಾಗುತ್ತದೆಯೋ ಹಾಗೆ. ಆಗಸ್ಟಸ್ ಕ್ಲಾರ್ಕ್ ಎಂಬ ವೈದ್ಯ ಆಗಲೇ ಆಕ್ಷೇಪಿಸಿದ್ದ: ಉಸಿರು ನಿಂತರೆ ರಕ್ತವನ್ನು ತಂಪಾಗಿಸುವ ಶ್ವಾಸಕೋಶದ ಕೆಲಸ ನಿಲ್ಲುತ್ತದೆ, ಮೈ ಬಿಸಿಯಾಗಿ ಬೆವರು ಹೆಚ್ಚುತ್ತದೆ ಎಂದು. ಕೊನೆಯುಸಿರಿನ ತೂಕ ಎನ್ನುವವರೂ ಇದ್ದಾರೆ. ಒಂದು ಲೀಟರ್ ಗಾಳಿ 1.2 ಗ್ರಾಂ ತೂಗುತ್ತದೆ, 21 ಗ್ರಾಂ ಆಗಬೇಕಾದರೆ ಹದಿನೇಳು ಲೀಟರಿಗಿಂತ ಹೆಚ್ಚು ಬೇಕು. ದೊಡ್ಡ ಎದೆಯವನ ಶ್ವಾಸಕೋಶವೂ ಆರು ಲೀಟರಿನ ಸುತ್ತಮುತ್ತ ಮುಗಿಯುತ್ತದೆ.

ಈಗ ನನಗೆ ನಿಜವಾಗಿ ಇಷ್ಟವಾದ ಸಂಗತಿ. ಈ ಪ್ರಯೋಗ ಅಮೆರಿಕದವರದ್ದಲ್ಲ, ನಮ್ಮದೇ. ಬೌದ್ಧರ ದೀಘನಿಕಾಯ ಎಂಬ ಗ್ರಂಥದಲ್ಲಿ ಪಾಯಾಸಿ ಎಂಬ ರಾಜನಿದ್ದಾನೆ. ಪರಲೋಕವಿಲ್ಲ ಎಂಬುದು ಅವನ ವಾದ. ವಾದಕ್ಕೆ ಪ್ರಯೋಗದ ಆಧಾರ ಕೊಡುತ್ತಾನೆ. ಮರಣದಂಡನೆಯ ಕಳ್ಳನೊಬ್ಬನನ್ನು ಜೀವಂತ ಹಂಡೆಗೆ ಹಾಕಿಸಿ, ಬಾಯಿಗೆ ಹಸಿ ಚರ್ಮ ಬಿಗಿದು, ಮೇಲೆ ಮಣ್ಣು ಮೆತ್ತಿ ಒಲೆಯ ಮೇಲೆ ಇಡಿಸುತ್ತಾನೆ. ಸತ್ತನೆಂದು ತಿಳಿದ ಮೇಲೆ ಮೆಲ್ಲಗೆ ಮುಚ್ಚಳ ತೆರೆದು, ಜೀವ ಹೊರಗೆ ಬರುತ್ತದೆಯೇ ಎಂದು ಇಣುಕುತ್ತಾನೆ. ಏನೂ ಕಾಣುವುದಿಲ್ಲ. ಇನ್ನೊಬ್ಬನನ್ನು ಜೀವಂತ ತೂಗಿಸಿ, ಗಾಯವಾಗದಂತೆ ಬಿಲ್ಲಿನ ಹೆದೆಯಿಂದ ಕತ್ತು ಬಿಗಿಸಿ, ಮತ್ತೆ ತೂಗಿಸುತ್ತಾನೆ. ಹೆಣವೇ ಹೆಚ್ಚು ಭಾರ ಬರುತ್ತದೆ! ಕುಮಾರ ಕಸ್ಸಪ ಭಿಕ್ಷು ಕಾದ ಕಬ್ಬಿಣದ ಗುಂಡಿನ ಉದಾಹರಣೆ ಕೊಟ್ಟು, ಕಾದಾಗ ಹಗುರ, ತಣ್ಣಗಾದರೆ ಭಾರ ಎಂದು ಉತ್ತರಿಸುತ್ತಾನೆ. ಕಬ್ಬಿಣ ಕಾದರೆ ಹಗುರಾಗುವುದಿಲ್ಲ, ಆ ಮಾತು ಬೇರೆ.

ಇದೇ ಕತೆ ಜೈನರಲ್ಲೂ ಇದೆ, ರಾಯಪಸೇಣಿಯ ಎಂಬ ಆಗಮದಲ್ಲಿ. ರಾಜನ ಹೆಸರು ಪಯೇಸಿ, ಉತ್ತರ ಕೊಡುವವರು ಕೇಶಿ ಶ್ರಮಣರು. ಅಲ್ಲಿ ಜೀವಂತ ಕಳ್ಳ, ಸತ್ತ ಕಳ್ಳ ಇಬ್ಬರೂ ಸಮತೂಕ. ಗಾಳಿ ತುಂಬಿದ ಚರ್ಮದ ಚೀಲವೂ ಬರಿಯ ಚೀಲವೂ ಒಂದೇ ತೂಗುವುದಿಲ್ಲವೇ ಎಂದು ಕೇಶಿ ಕೇಳುತ್ತಾರೆ.

ಮೂರು ತಕ್ಕಡಿ, ಮೂರು ಓದು. ಒಂದರಲ್ಲಿ ಹೆಣ ಭಾರ, ಒಂದರಲ್ಲಿ ಸಮ, ಒಂದರಲ್ಲಿ ಹಗುರ. ಮೂರು ಕಡೆಯೂ ತೂಗಿದವನು ಮೊದಲೇ ಮನಸ್ಸಿನಲ್ಲಿಟ್ಟುಕೊಂಡಿದ್ದ ತೀರ್ಮಾನವೇ ಹೊರಬಂದಿದೆ. ನಮ್ಮ ವೃತ್ತಿಯಲ್ಲಿ ಇಂತಹ ತಕ್ಕಡಿಯನ್ನು ಜಪ್ತಿ ಮಾಡುತ್ತೇವೆ.

ಆತ್ಮವನ್ನು ನಂಬುವವರಾದರೂ ಅದಕ್ಕೆ ತೂಕ ಇದೆ ಎಂದು ಯಾವಾಗ ಹೇಳಿದರು? ಜೈನರು ಮುಕ್ತ ಜೀವದ ಗುಣಗಳಲ್ಲಿ ಅಗುರುಲಘು ಎಂಬುದನ್ನು ಎಣಿಸುತ್ತಾರೆ, ಭಾರವೂ ಅಲ್ಲ ಹಗುರವೂ ಅಲ್ಲ. ಅವರ ಪ್ರಕಾರ ಜೀವಕ್ಕೆ ಅಂಟಿಕೊಳ್ಳುವ ಕರ್ಮವೇ ಪುದ್ಗಲ, ಅಂದರೆ ಜಡ ದ್ರವ್ಯ. ಗೀತೆಯ ಆತ್ಮವನ್ನು ಕತ್ತರಿಸಲಾಗದು, ಸುಡಲಾಗದು; ಅದನ್ನು ಔನ್ಸಿನಲ್ಲಿ ತೂಗಿದರೆ ಶ್ರೀಕೃಷ್ಣನೇ ನಗುತ್ತಾನೆ. ಹಾಗಾಗಿ 21 ಗ್ರಾಂ ಸುಳ್ಳಾದರೆ ಆತ್ಮ ಇಲ್ಲವೆಂದು ಆಗುವುದಿಲ್ಲ, ಅದು ಇದೆ ಎನ್ನುವುದಕ್ಕೆ ಆ ಸಂದೇಶ ಸಾಕ್ಷಿಯೂ ಆಗುವುದಿಲ್ಲ. ಭಾವನವರಿಗೆ ಇಷ್ಟು ತಿಳಿಸಿ.

ಕಾಗೆಯ ಬಗ್ಗೆ ಒಂದೇ ಪ್ರಶ್ನೆ. ಅಮ್ಮನ ಮಾತು ಕೊಟ್ಟಾಗ ನೀವೆಲ್ಲ ಎಲೆಯ ಪಕ್ಕದಲ್ಲೇ ನಿಂತಿದ್ದಿರಿ. ತೋಟದ ಮಾತು ಕೊಟ್ಟಾಗ ಜಗಲಿಯ ಮೇಲಿದ್ದಿರಿ. ನೀವೇ ಬರೆದದ್ದು ಇದು. ಇಪ್ಪತ್ತು ಜನ ಸುತ್ತುವರಿದ ಎಲೆಗೆ ಯಾವ ಕಾಗೆ ಇಳಿಯುತ್ತದೆ?

ರಾತ್ರಿಪಾಳಿ

ಮೇಲಿನವರು ತಕ್ಕಡಿಯ ಬಗ್ಗೆ ಹೇಳಿದರು, ನಾನು ಗಡಿಯಾರದ ಬಗ್ಗೆ ಹೇಳುತ್ತೇನೆ. ಮಂಗಳೂರಿನಲ್ಲಿ ತೀವ್ರ ನಿಗಾ ಘಟಕದ ಶುಶ್ರೂಷಕಿ ನಾನು. 'ಆತ್ಮ ಹೊರಟ ಕ್ಷಣ' ಎನ್ನುತ್ತಾರಲ್ಲ, ಆ ಕ್ಷಣವನ್ನು ನಾನು ನೋಡಿಲ್ಲ. ನಾಡಿ ನಿಂತ ಮೇಲೂ ಮಾನಿಟರ್ ಮೇಲೆ ಗೆರೆ ಏರಿಳಿಯುತ್ತಲೇ ಇರುವುದುಂಟು. ಹೃದಯದ ವಿದ್ಯುತ್ತು ನಡೆಯುತ್ತಿರುತ್ತದೆ, ಸ್ನಾಯು ಹಿಂಡುತ್ತಿರುವುದಿಲ್ಲ. ಮನೆಯವರು ಪರದೆಯನ್ನು ನೋಡಿ "ಇನ್ನೂ ಇದ್ದಾರೆ" ಎನ್ನುತ್ತಾರೆ. ವೈದ್ಯರು ಕತ್ತಿನ ಪಕ್ಕದಲ್ಲಿ ಎರಡು ಬೆರಳು ಒತ್ತಿ, ಕಣ್ಣಿಗೆ ಟಾರ್ಚ್ ಬಿಟ್ಟು, ತಲೆಯೆತ್ತಿ ಗೋಡೆ ಗಡಿಯಾರ ನೋಡುತ್ತಾರೆ. ಮರಣ ಪ್ರಮಾಣಪತ್ರದ ಸಮಯ ಆ ಗಡಿಯಾರದ್ದು. ಅದು ಎರಡು ನಿಮಿಷ ಮುಂದಿದ್ದರೆ ಸಾವೂ ಎರಡು ನಿಮಿಷ ಮುಂದೆ.

2021ರಲ್ಲಿ ಪ್ರಕಟವಾದ ಒಂದು ಅಧ್ಯಯನ ನಮ್ಮ ಪಾಳಿಯಲ್ಲಿ ಬಹಳ ಚರ್ಚೆಯಾಯಿತು. ಜೀವಾಧಾರ ತೆಗೆದ ಮೇಲೆ ಸತ್ತ 480 ರೋಗಿಗಳ ಪೂರ್ಣ ದಾಖಲೆ ನೋಡಿದಾಗ, ನೂರಕ್ಕೆ 14ರಷ್ಟು ಜನರಲ್ಲಿ ನಿಂತ ಹೃದಯದ ಚಟುವಟಿಕೆ ತಾನಾಗಿಯೇ ಕೆಲಕಾಲ ಮರಳಿತ್ತು. ಅತಿ ದೀರ್ಘ ವಿರಾಮ 4 ನಿಮಿಷ 20 ಸೆಕೆಂಡು. ಅವರಲ್ಲಿ ಯಾರೂ ಬದುಕಲಿಲ್ಲ. ಆದರೆ ಮ್ಯಾಕ್‌ಡೂಗಲ್ ಯಾವ ಕ್ಷಣದಲ್ಲಿ ಮುಳ್ಳನ್ನು ನೋಡಿದ? ಆಗ ಹಾಸಿಗೆಯ ಪಕ್ಕದಲ್ಲಿ ಹೃದಯದ ಗೆರೆ ತೋರಿಸುವ ಯಂತ್ರವೇ ಇರಲಿಲ್ಲ.

ಸತ್ತು ಬದುಕಿದವರ ಅನುಭವದ ಬಗ್ಗೆ ಯಾರೂ ಎತ್ತಲಿಲ್ಲವಲ್ಲ. ನಿಮ್ಹಾನ್ಸ್‌ನ ಸತ್ವಂತ್ ಪಸ್ರಿಚಾ ಮತ್ತು ಅಮೆರಿಕದ ಇಯಾನ್ ಸ್ಟೀವನ್‌ಸನ್ 1986ರಲ್ಲಿ ಭಾರತದ 16 ಪ್ರಕರಣಗಳನ್ನು ಬರೆದರು. ಅಮೆರಿಕದವರಿಗೆ ಸುರಂಗ, ಬೆಳಕು ಕಂಡರೆ ನಮ್ಮವರಿಗೆ ಕಂಡದ್ದು ಯಮದೂತರು. ಎಳೆದುಕೊಂಡು ಹೋಗಿ ನಿಲ್ಲಿಸುತ್ತಾರೆ, ಪುಸ್ತಕ ತೆರೆದು ನೋಡುತ್ತಾರೆ, ಅಯ್ಯೋ ಕರೆತರಬೇಕಾಗಿದ್ದವನು ಬೇರೆಯವನು ಎಂದು ವಾಪಸು ಕಳಿಸುತ್ತಾರೆ. ಅಲ್ಲಿಯೂ ಕಡತ ಅದಲುಬದಲು! ಒಂದೇ ಊರಿಗೆ ಹೋದವರು ಇಷ್ಟು ಬೇರೆ ಬೇರೆ ನಕ್ಷೆ ತಂದರೆ ನಾನು ಏನು ತಿಳಿಯಬೇಕು?

ಸ್ಯಾಮ್ ಪಾರ್ನಿಯಾ ಎಂಬ ವೈದ್ಯರು ಇದನ್ನು ಪರೀಕ್ಷಿಸಲು ಹೊರಟರು. ದೇಹ ಬಿಟ್ಟು ಮೇಲಿನಿಂದ ನೋಡಿದೆ ಎನ್ನುವವರಿದ್ದಾರಲ್ಲ, ಅವರಿಗಾಗಿ ಆಸ್ಪತ್ರೆಗಳಲ್ಲಿ ಎತ್ತರದ ಹಲಗೆ ಹೊಡೆಸಿ, ಮೇಲಿನಿಂದ ಮಾತ್ರ ಕಾಣುವಂತೆ ಚಿತ್ರ ಇಡಿಸಿದರು. 2014ರ ವರದಿಯಲ್ಲಿ 2060 ಹೃದಯ ಸ್ತಂಭನಗಳು ದಾಖಲಾಗಿವೆ. ಕೊನೆಯವರೆಗೂ ಸಂದರ್ಶನಕ್ಕೆ ಸಿಕ್ಕವರು 101 ಜನ. ನೋಡಿದೆ, ಕೇಳಿದೆ ಎಂದು ಸ್ಪಷ್ಟವಾಗಿ ಹೇಳಿದವರು ಇಬ್ಬರು. ಆ ಇಬ್ಬರೂ ಹಲಗೆ ಇಲ್ಲದ ಕೋಣೆಗಳಲ್ಲಿದ್ದರು.

ನಾನು ಪ್ರತಿ ಭಾನುವಾರ ಪೂಜೆಗೆ ಇಗರ್ಜಿಗೆ ಹೋಗುವವಳು. ಅಲ್ಲಿ ನಾವು ಬಾಯಿಬಿಟ್ಟು ಹೇಳುವುದು ಶರೀರದ ಪುನರುತ್ಥಾನವನ್ನು ನಂಬುತ್ತೇನೆ ಎಂದು. ಅದನ್ನು ನಂಬುತ್ತೇನೆ. ಮಾನಿಟರಿನಲ್ಲಿ ಹುಡುಕುವುದಿಲ್ಲ.

ತೆಂಗಿನಗರಿ

ಎಲ್ಲರಿಗೂ ವಂದನೆ. ಜಗಲಿಯ ಮಾತು ನಿಜ, ಅದು ನನಗೆ ಹೊಳೆದಿರಲಿಲ್ಲ. ಅಣ್ಣನಿಗೆ ಹೇಳಿದರೆ, "ಹಾಗಾದರೆ ಮೊದಲೇ ಹಿಂದೆ ಸರಿಯಬಹುದಿತ್ತು, ಬಾಯಿ ಬಿಡುವ ಅಗತ್ಯವೇ ಇರಲಿಲ್ಲ" ಎಂದ.

ನಿನ್ನೆ ರಾತ್ರಿ ಫೋನಿನಲ್ಲಿ ಅಮ್ಮನಿಗೆ ಪಾಯಾಸಿ ರಾಜನ ಕತೆ ಪೂರ್ತಿ ಓದಿ ಹೇಳಿದೆ. ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಆ ಕಳ್ಳರಿಗೆ ಯಾರು ಎಡೆ ಇಟ್ಟರು?" ಎಂದಳು. ನನಗೆ ಉತ್ತರ ತೋಚಲಿಲ್ಲ.

ತಕ್ಕಡಿಯವರಿಗೆ ಒಂದು ಪ್ರಶ್ನೆ. ಒಳ್ಳೆಯ ತಕ್ಕಡಿಯಿಂದಲೂ ಆಗದಿದ್ದರೆ, ಯಾವ ಸಾಕ್ಷಿ ಕಂಡರೆ ನೀವು ಒಪ್ಪುತ್ತೀರಿ?

ನಿವೃತ್ತ ತಕ್ಕಡಿ

ಕಳ್ಳರಿಗೆ ಎಡೆ ಇಟ್ಟ ಮಾತು ಗ್ರಂಥದಲ್ಲಿಲ್ಲ. ಅವರ ಹೆಸರೂ ಇಲ್ಲ. ನಿಮ್ಮ ತಾಯಿ ಆ ರಾಜನ ಸಭೆಯಲ್ಲಿರಬೇಕಿತ್ತು.

ಸಾಕ್ಷಿಯ ವಿಷಯ. ಪಾಯಾಸಿಯೇ ಒಂದು ಒಳ್ಳೆಯ ವಿಧಾನ ಹೇಳಿದ್ದಾನೆ. ಸಾಯುತ್ತಿದ್ದ ಪುಣ್ಯವಂತ ನಂಟರ ಬಳಿ ಹೋಗಿ, "ಸ್ವರ್ಗಕ್ಕೆ ಹೋದರೆ ಬಂದು ಹೇಳಿ, ನಿಮ್ಮ ಮಾತನ್ನು ನಂಬುತ್ತೇನೆ" ಎಂದು ಮಾತು ತೆಗೆದುಕೊಂಡ. ಒಬ್ಬರೂ ಬರಲಿಲ್ಲ. ಕಸ್ಸಪನ ಸಮಜಾಯಿಷಿ: ನಮ್ಮ ನೂರು ವರ್ಷ ಅಲ್ಲಿಯ ದೇವತೆಗಳಿಗೆ ಒಂದು ದಿನ, ಎರಡು ಮೂರು ದಿನ ಸುಖಪಟ್ಟು ಬರೋಣ ಎಂದುಕೊಂಡರೂ ಅಷ್ಟರಲ್ಲಿ ನೀನು ಸತ್ತಿರುತ್ತೀಯೆ! ಕೇಳಲು ಸೊಗಸಾಗಿದೆ. ಆದರೆ ಯಾವತ್ತೂ ಪರೀಕ್ಷೆಗೆ ಸಿಗದ ತಕ್ಕಡಿಗೆ ನಾನು ಮುದ್ರೆ ಒತ್ತುವುದಿಲ್ಲ.

ರಾತ್ರಿಪಾಳಿಯವರು ಹೇಳಿದ ಸ್ಟೀವನ್‌ಸನ್ ಇದೇ ಪರೀಕ್ಷೆಯನ್ನು ಹೊಸದಾಗಿ ಕಟ್ಟಿದರು. ಪುನರ್ಜನ್ಮದ ಪ್ರಕರಣಗಳನ್ನು ಹುಡುಕಿಕೊಂಡು ನಮ್ಮ ದೇಶಕ್ಕೆ ಮತ್ತೆ ಮತ್ತೆ ಬಂದ ಮನುಷ್ಯ ಅವರು. ತನಗೊಬ್ಬನಿಗೇ ಗೊತ್ತಿರುವ ಸಂಕೇತದಿಂದ ಒಂದು ಬೀಗ ಹಾಕಿಟ್ಟರು. ಸತ್ತ ಮೇಲೆ ಯಾರ ಮೂಲಕವಾದರೂ ಆ ಸಂಕೇತ ತಿಳಿಸಲು ಪ್ರಯತ್ನಿಸುತ್ತೇನೆ, ಬೀಗ ತೆರೆದರೆ ನಂಬಿ ಎಂದರು. 2007ರಲ್ಲಿ ತೀರಿಕೊಂಡರು. ಬೀಗ ತೆರೆದ ಸುದ್ದಿ ಬಂದಿಲ್ಲ. ಮೊದಲೇ ಷರತ್ತು ಬರೆದಿಟ್ಟು, ಸೋಲಲೂ ಸಿದ್ಧವಾದ ಇಂತಹ ಪರೀಕ್ಷೆ ಗೆದ್ದರೆ ಒಪ್ಪುತ್ತೇನೆ. ತೂಗಿದ ಮೇಲೆ ಅರ್ಥ ಹುಡುಕುವುದನ್ನು ಒಪ್ಪುವುದಿಲ್ಲ.

ಹೀಗೆ ಹೇಳುವ ನಾನು ನನ್ನ ಹೆಂಡತಿಯ ತಿಥಿಯನ್ನು ವರ್ಷವರ್ಷವೂ ತಪ್ಪದೆ ಮಾಡುತ್ತೇನೆ. ಮಗ ಕೇಳುತ್ತಾನೆ, ನಂಬಿಕೆ ಇಲ್ಲದೆ ಯಾಕೆ ಎಂದು. ನಂಬಿಕೆ ಇಲ್ಲ ಎಂದು ನಾನು ಯಾವಾಗ ಹೇಳಿದೆ? ಸಾಕ್ಷಿ ಇಲ್ಲ ಎಂದೆ. ಅವಳು ಉಪ್ಪಿನಕಾಯಿಯನ್ನು ಕೂಡ ಕೈಯಳತೆಯಲ್ಲಿ ಹಾಕುತ್ತಿದ್ದವಳು, ನನ್ನ ಇಲಾಖೆಯನ್ನು ಜನ್ಮದಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಪಹಣಿಮಿತ್ರ

ತಡವಾಗಿ ಬಂದೆ. ಆತ್ಮದ ಬಗ್ಗೆ ಹೇಳುವುದಕ್ಕೆ ನನ್ನಲ್ಲಿ ಏನೂ ಇಲ್ಲ, ಜಮೀನಿನ ಬಗ್ಗೆ ಇದೆ. ಇಷ್ಟು ಚರ್ಚೆಯಲ್ಲಿ ಒಬ್ಬರೂ ಕೇಳಲಿಲ್ಲ: ತೋಟ ಯಾರ ಹೆಸರಿನಲ್ಲಿದೆ?

ತಂದೆ ಉಯಿಲು ಬರೆದಿಲ್ಲವಾದರೆ ಮಾರುವುದೋ ಬಿಡುವುದೋ ಅಣ್ಣನೊಬ್ಬನ ಮಾತಲ್ಲ. ತಾಯಿಗೂ ಪಾಲಿದೆ, ನಿಮಗೂ ಇದೆ. ಪಿತ್ರಾರ್ಜಿತ ಆಸ್ತಿಯಾದರೆ 2005ರ ತಿದ್ದುಪಡಿಯಿಂದ ಮಗಳಿಗೆ ಮಗನಷ್ಟೇ ಹಕ್ಕು, ಸುಪ್ರೀಂ ಕೋರ್ಟ್ 2020ರಲ್ಲಿ ಅದನ್ನು ಇನ್ನಷ್ಟು ಸ್ಪಷ್ಟಪಡಿಸಿದೆ. ಅಣ್ಣ ಕಾಗೆಗೆ ಕೊಟ್ಟ ಮಾತು ಹೆಚ್ಚೆಂದರೆ ಅವನ ಪಾಲಿನ ಬಗ್ಗೆ. ನಿಮ್ಮ ಸಹಿ, ತಾಯಿಯ ಸಹಿ ಇಲ್ಲದೆ ಇಡೀ ತೋಟ ಕೊಳ್ಳಲು ಬುದ್ಧಿಯಿರುವ ಯಾರೂ ಮುಂದೆ ಬರುವುದಿಲ್ಲ. ತಾಯಿಯವರ ಸಹಿಯೇ ಬೇಕಾಗಿರುವಾಗ ಅವರನ್ನು ಒಪ್ಪಿಸುವುದು ವಾದದಿಂದ ಆಗುವ ಕೆಲಸವಲ್ಲ. ತೋಟವನ್ನೆಲ್ಲ ಮಾರದೆ ರೋಗ ಹತ್ತಿದ ಭಾಗವನ್ನಷ್ಟೇ ಮಾರಿ ಸಾಲ ತೀರುತ್ತದೆಯೇ ಎಂದು ಮೂವರೂ ಕುಳಿತು ಲೆಕ್ಕ ಹಾಕಿ.

ಎರಡೇ ತಿಂಗಳಾಗಿದೆ ಎಂದಿರಿ. ಹಾಗಾದರೆ ಪಹಣಿಯಲ್ಲಿ ನಿಮ್ಮ ತಂದೆ ಇನ್ನೂ ಬದುಕಿದ್ದಾರೆ. ನಮ್ಮ ರಾಜ್ಯದಲ್ಲಿ ತಾತ, ಮುತ್ತಾತಂದಿರು ಕೂಡ ಪಹಣಿಯಲ್ಲಿ ಹಾಯಾಗಿ ಉಳುಮೆ ಮಾಡಿಕೊಂಡಿರುತ್ತಾರೆ. ಮೊದಲು ಮರಣ ಪ್ರಮಾಣಪತ್ರ, ವಂಶವೃಕ್ಷ ತೆಗೆದುಕೊಂಡು ನಾಡಕಚೇರಿಯಲ್ಲಿ ಪೌತಿ ಖಾತೆಗೆ, ಅಂದರೆ ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸಲು, ಅರ್ಜಿ ಕೊಡಿ. ಮೂವರ ಹೆಸರೂ ಬರುವಂತೆ ನೋಡಿಕೊಳ್ಳಿ.